ಬಾಳೆಲೆ ಸೀಳಿದ ಫಿನ್ನು

“ಎಳೀರಿ ಸಾರ್,” ಎಂದ ಶೀನ. “ಮೆಲ್ಲ ಎಳೀರಿ. ಒತ್ಲಿಕ್ಕೆ ಹೋಗ್ಬೇಡಿ.”

ನಾನು ಒತ್ತಲಿಲ್ಲ. ಮೇಜಿನ ಮೇಲೆ ಹಾಸಿದ್ದ ಬಾಳೆಲೆಗೆ ಫಿನ್ನಿನ ಹಿಂದಂಚನ್ನು ತಾಗಿಸಿ, ಅದರ ಭಾರಕ್ಕೇ ಬಿಟ್ಟು, ನನ್ನ ಕಡೆಗೆ ಎಳೆದುಕೊಂಡೆ. ಎಲೆ ಸದ್ದಿಲ್ಲದೆ ಎರಡಾಯಿತು. ನಡುವಿನ ದಂಟಿನ ಮೇಲೂ ಆಳವಾದ ಗೆರೆಯೊಂದು ಬಿತ್ತು.

ಶೀನ ಆ ಗೆರೆಯನ್ನು ನೋಡಲಿಲ್ಲ. ವಿಂಡ್‌ಸರ್ಫಿಂಗ್ ಕ್ಲಬ್ಬಿನ ಶೆಡ್ಡಿನ ಕಿಟಕಿಯಾಚೆ ಸಮುದ್ರದ ಕಡೆ ಮುಖ ಮಾಡಿಕೊಂಡು ನಿಂತಿದ್ದ. ಅವನ ಹೆಂಡತಿ ಗುಣವತಿ ಮಾತ್ರ ಎಲೆಯನ್ನೂ ನನ್ನನ್ನೂ ಸರದಿಯಂತೆ ನೋಡುತ್ತಿದ್ದಳು.

ಕಳೆದ ಭಾನುವಾರ ಬೆಳಿಗ್ಗೆ ಇದೇ ಫಿನ್ನು ಹೋಟೆಲ್ ಮಾಲೀಕ ಮೋನಪ್ಪನವರ ಮಗ ರಜತ್‌ನ ತೊಡೆಯನ್ನು ಮೂಳೆ ಕಾಣುವಷ್ಟು ಕೊಯ್ದಿತ್ತು. ಹುಡುಗ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಇಂದು ಗುರುವಾರ; ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಬಂದು ಫಿನ್ನನ್ನೂ ಶೀನನನ್ನೂ ಒಟ್ಟಿಗೆ ಒಯ್ಯುವವರಿದ್ದರು. ಗೋಡೆಯ ಗಡಿಯಾರದಲ್ಲಿ ಆಗಲೇ ಮೂರೂಕಾಲು.

ವಿಂಡ್‌ಸರ್ಫಿಂಗ್ ಎಂದರೇನು ಎಂದು ನನ್ನನ್ನು ಕೇಳಿದರೆ, ಹಲಗೆಗೆ ಹಾಯಿ ಕಟ್ಟಿ, ಅದರ ಮೇಲೆ ನಿಂತು, ಬಸ್ಸಿನಲ್ಲಿ ಕುಳಿತು ಹೋಗಬಹುದಾದ ದೂರವನ್ನು ಹತ್ತು ಸಲ ನೀರಿಗೆ ಬಿದ್ದು ತಲುಪುವುದು ಎನ್ನುತ್ತೇನೆ. ನನಗೆ ಈಜು ಬಾರದು. ಮದರಾಸಿನಲ್ಲೇ ಹುಟ್ಟಿ ಐವತ್ತೆರಡು ವರ್ಷವಾದರೂ ಮೆರೀನಾದಲ್ಲಿ ಪಂಚೆಯ ಅಂಚು ಒದ್ದೆಯಾಗದಷ್ಟು ದೂರದಲ್ಲೇ ನಿಲ್ಲುವವನು. ಊರಿಗೆ ಚೆನ್ನೈ ಎಂದು ಹೆಸರು ಬದಲಾದರೂ ನನ್ನ ಈ ಅಭ್ಯಾಸ ಬದಲಾಗಲಿಲ್ಲ.

ಆದರೆ ಮೂರು ದಿನದಲ್ಲಿ ಫಿನ್ನಿನ ಬಗ್ಗೆ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ತಿಳಿದಿತ್ತು. ಬೋರ್ಡಿನ ಅಡಿಯಲ್ಲಿ, ಹಿಂಭಾಗದಲ್ಲಿ, ಮೀನಿನ ರೆಕ್ಕೆಯ ಹಾಗೆ ನೀರಿಗಿಳಿದಿರುವ ಒಂದೂವರೆ ಗೇಣಿನ ಪಟ್ಟಿ ಅದು. ಅದಿಲ್ಲದೆ ಬೋರ್ಡು ನೆಟ್ಟಗೆ ಹೋಗದು. ಮುಂದಂಚು ಗುಂಡಗಿರುತ್ತದೆ, ಹಿಂದಂಚು ತೆಳ್ಳಗಿರುತ್ತದೆ. ಹೊಸದಾಗಿ ಪೊಟ್ಟಣದಿಂದ ತೆಗೆದ ಫಿನ್ನಿನ ಹಿಂದಂಚಿಗೆ ಬೆರಳು ಇಟ್ಟರೆ ರಕ್ತ ಬರುತ್ತದೆ.

ಹಾಗಾಗಿಯೇ ಈ ಕ್ಲಬ್ಬಿನಲ್ಲಿ ಹೊಸ ಫಿನ್ನು ಮೊದಲು ಶೀನನ ಕೈಗೆ ಹೋಗಬೇಕು. ಅವನು ನಾನೂರರ ನಂಬರಿನ ಉಪ್ಪು ಕಾಗದವನ್ನು, ಅಂದರೆ ಸ್ಯಾಂಡ್‌ಪೇಪರನ್ನು, ನೀರಿನಲ್ಲಿ ನೆನೆಸಿ, ಅಂಚಿನ ಎರಡೂ ಕಡೆ ಓರೆಯಾಗಿ ಹಿಡಿದು, ರೂಪಾಯಿ ನಾಣ್ಯದ ಅಂಚಿನಷ್ಟು ಮೊಂಡಾಗುವ ತನಕ ತೇಯುತ್ತಾನೆ. ಆಮೇಲೆ ಬಾಳೆಲೆ ಹಾಸಿ ಅದರ ಮೇಲೆ ಎಳೆಯುತ್ತಾನೆ. ಎಲೆ ಸೀಳಿದರೆ ಮತ್ತೆ ಉಪ್ಪು ಕಾಗದ. ಎಲೆ ಸೀಳದಿದ್ದರೆ ಮಾತ್ರ ಫಿನ್ನಿಗೆ ಸಮುದ್ರ.

ಈ ಪರೀಕ್ಷೆಯನ್ನು ಯಾವ ಪುಸ್ತಕವೂ ಅವನಿಗೆ ಹೇಳಿಕೊಟ್ಟದ್ದಲ್ಲ. ಮೋನಪ್ಪನವರ ಹೋಟೆಲಿನಲ್ಲಿ ಹದಿನಾಲ್ಕು ವರ್ಷ ಊಟದ ಎಲೆ ಕೊಯ್ದು, ತೊಳೆದು, ಹಾಸಿದವನು ಅವನು. ಎಲೆಯನ್ನು ಯಾವುದು ಹರಿಯುತ್ತದೆ, ಯಾವುದು ಹರಿಯುವುದಿಲ್ಲ ಎಂದು ಅವನ ಬೆರಳುಗಳಿಗೆ ಗೊತ್ತು. ರಜತ್‌ಗೆ ವಿಂಡ್‌ಸರ್ಫಿಂಗ್ ಹುಚ್ಚು ಹಿಡಿದಾಗ, ಮಗನ ಕಾವಲಿಗೆಂದು ಮೋನಪ್ಪನವರೇ ಇವನನ್ನು ಇಲ್ಲಿಗೆ ಕಳುಹಿಸಿದ್ದರು. ಕಾವಲಿಗೆ ಬಂದವನು ಆರು ವರ್ಷದಲ್ಲಿ ಇಡೀ ಕ್ಲಬ್ಬಿನ ಬೋರ್ಡುಗಳ ಉಸ್ತುವಾರಿ ನೋಡಿಕೊಳ್ಳುವವನಾದ.

ಹೊಸಬರಿಗೆ ಅವನು ಹೇಳಿಕೊಡುವ ಪಾಠವನ್ನೂ ಕೇಳಿದ್ದೆ. ಬೋರ್ಡು ಹೊರುವಾಗ ಫಿನ್ನು ಮೈಯಿಂದ ಆಚೆ ಇರಬೇಕು. ಮೊಣಕಾಲುದ್ದದ ನೀರಿನಲ್ಲಿ ಆಟ ಬೇಡ, ಅಲ್ಲಿ ಬಿದ್ದರೆ ಅಲೆ ಬೋರ್ಡನ್ನು ಮಗುಚಿ ನಿಮ್ಮ ಮೇಲೇ ತರುತ್ತದೆ. ಮುಳುಗಿ ಮೇಲೆ ಬರುವಾಗ ಒಂದು ಕೈ ತಲೆಗೆ ಅಡ್ಡ ಇರಲಿ. ಕಾಲಿಗೆ ರಬ್ಬರ್ ಶೂಸ್ ಇಲ್ಲದವರು ಮನೆಗೆ ಹೋಗಬಹುದು. ಅಂಥ ಮನುಷ್ಯ ಇವನು.

“ಇದನ್ನು ನೀವು ತೇಯ್ದಿರಲಿಲ್ಲವೇ?” ಎಂದು ಕೇಳಿದೆ.

“ಇಲ್ಲ ಸಾರ್. ಮರ್ತದ್ದು. ನಂದೇ ತಪ್ಪು.”

“ಆರು ವರ್ಷದಲ್ಲಿ ಎಷ್ಟು ಮರೆತಿದ್ದೀರಿ?”

“ಇದೊಂದೇ.”

“ಅದೂ ನಿಮ್ಮ ಧಣಿಯ ಮಗನ ಕಾಲಿಗೆ ಬಂದದ್ದು.”

ಅವನು ತಲೆ ತಗ್ಗಿಸಿದ. “ಮನುಷ್ಯ ಅಲ್ವಾ ಸಾರ್. ಎಂತ ಮಾಡುದು.”

ವೆಸ್ಟ್ ಮಾಂಬಲಂನಲ್ಲಿ ‘ತಿರುಮಲ, ಖಾಸಗಿ ವಿಚಾರಣೆ’ ಎಂದು ಬೋರ್ಡು ಹಾಕಿಕೊಂಡು ನಾನು ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಹೆಚ್ಚಾಗಿ ಮದುವೆ ವಿಚಾರಣೆ. ಗಂಡು ಹೇಗೆ, ಹೆಣ್ಣು ಹೇಗೆ, ಸಂಬಳ ಹೇಳಿದಷ್ಟೇ ಬರುತ್ತದೆಯೇ. ಅದರಿಂದ ನನಗೆ ಬಂದ ಲಾಭ ಎಲ್ಲರ ಮೇಲೂ ಸಂಶಯ. ಕೇಳುವ ಮೊದಲೇ ‘ಹುಡುಗ ಸಿಗರೇಟು ಸೇದುತ್ತಾನೆ’ ಎಂದು ಒಪ್ಪಿಕೊಳ್ಳುವ ತಂದೆ, ಅದಕ್ಕಿಂತ ದೊಡ್ಡದೊಂದನ್ನು ಬಚ್ಚಿಟ್ಟಿರುತ್ತಾನೆ. ಶೀನನ ‘ನಂದೇ ತಪ್ಪು’ ನನಗೆ ಅದೇ ಜಾತಿಯದಾಗಿ ಕೇಳಿಸಿತು.

ಯಾಕೆಂದರೆ ಅವನು ಸುಳ್ಳು ಹೇಳುತ್ತಿದ್ದ. ಅದು ನನಗೆ ಹತ್ತು ನಿಮಿಷದ ಹಿಂದೆಯೇ ಗೊತ್ತಾಗಿತ್ತು.

ಕ್ಲಬ್ಬಿನ ಕಾರ್ಯದರ್ಶಿ ವಿಶ್ವನಾಥ ಬೀರುವಿನಿಂದ ಫಿನ್ನು ತೆಗೆದು ಕೊಟ್ಟ ಕೂಡಲೇ, ಎಲೆಯ ಹತ್ತಿರ ಹೋಗುವ ಮೊದಲೇ, ಅಂಚನ್ನು ಭೂತಗನ್ನಡಿಯಲ್ಲಿ ನೋಡಿಕೊಂಡಿದ್ದೆ. ಅಂಚಿನ ಒಂದು ಬದಿ ಮೊದಲಿನ ಹಾಗೇ ಇತ್ತು. ಅಲ್ಲಿ ಉಪ್ಪು ಕಾಗದದ ಸಣ್ಣ ಗೀರುಗಳು, ಕೈಯಿಂದ ತೇಯ್ದವು, ಸ್ವಲ್ಪ ಬಾಗಿದವು. ಶೆಡ್ಡಿನ ಗೋಡೆಯಲ್ಲಿ ತೂಗುತ್ತಿರುವ ಉಳಿದ ಎಲ್ಲ ಫಿನ್ನುಗಳ ಮೇಲೂ ಇದೇ ಗೀರು. ಅಂದರೆ ಶೀನ ಇದನ್ನು ತೇಯ್ದಿದ್ದ.

ಇನ್ನೊಂದು ಬದಿಯಲ್ಲಿ ಆ ಗೀರುಗಳನ್ನು ಅಳಿಸಿ ಬೇರೆಯವು ಬಂದಿದ್ದವು. ಸ್ಕೇಲು ಇಟ್ಟು ಎಳೆದಷ್ಟು ನೇರ, ಎಲ್ಲವೂ ಒಂದೇ ಅಂತರದಲ್ಲಿ. ಮನುಷ್ಯನ ಕೈ ಹಾಗೆ ಗೀರುವುದಿಲ್ಲ. ಯಂತ್ರ ಗೀರುತ್ತದೆ. ಮೊಂಡಾಗಿದ್ದ ಅಂಚನ್ನು ಯಾರೋ ಯಂತ್ರಕ್ಕೆ ಕೊಟ್ಟು ಮತ್ತೆ ಹರಿತ ಮಾಡಿದ್ದರು.

ಇಷ್ಟಾದರೆ ಸುಲಭವಿತ್ತು. ಆದರೆ ಆ ಹೊಸ ಗೀರುಗಳ ಒಳಗೆ, ಕೂದಲಿನಷ್ಟು ತೆಳ್ಳಗೆ, ಕಂದು ಬಣ್ಣದ ಗೆರೆಯೊಂದು ಇತ್ತು. ರಕ್ತವೆಂದುಕೊಂಡು ಉಗುರಿನಿಂದ ಕೆರೆದೆ, ಬರಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿದೆ, ಆಗಲೂ ಬರಲಿಲ್ಲ. ನನ್ನ ಎಷ್ಟು ಅಂಗಿಗಳನ್ನು ಶ್ರಾದ್ಧದ ಊಟದ ದಿನ ಅದು ಹಾಳು ಮಾಡಿಲ್ಲ. ಬಾಳೆಯ ಸೊನೆಯ ಕರೆ.

ಹರಿತ ಮಾಡಿದ ಮೇಲೆ ಯಾರೋ ಇದನ್ನು ಎಲೆಯ ಮೇಲೆ ಎಳೆದು ನೋಡಿದ್ದಾರೆ. ಈ ಸಮುದ್ರ ತೀರದಲ್ಲಿ ಫಿನ್ನನ್ನು ಎಲೆಯ ಮೇಲೆ ಎಳೆಯುವವನು ಒಬ್ಬನೇ. ಅವನು ನನ್ನೆದುರು ನಿಂತು ‘ಮರ್ತದ್ದು’ ಎನ್ನುತ್ತಿದ್ದ.

“ನೀವಿಬ್ಬರೂ ಸ್ವಲ್ಪ ಹೊರಗೆ ಕೂತಿರಿ,” ಎಂದೆ. “ಒಬ್ಬರು ಬರುವವರಿದ್ದಾರೆ.”

ಶೀನ ಹೊರಗೆ ಹೋದ. ಗುಣವತಿ ಬಾಗಿಲಲ್ಲಿ ನಿಂತಳು. ಸೋಮವಾರ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದು, ಗಂಡನನ್ನು ಉಳಿಸಿಕೊಡಿ ಎಂದು ಕೇಳಿದವಳು ಅವಳೇ. ಯಾರ ಮೇಲೆ ಸಂಶಯ ಎಂದು ಕೇಳಿದ್ದಕ್ಕೆ, ‘ಅದು ನಾನು ಹೇಳುದಲ್ಲ, ನೀವು ಕಂಡುಹಿಡೀಬೇಕು’ ಎಂದಿದ್ದಳು. ಆ ಉತ್ತರವೂ ನನಗೆ ಅಂದಿನಿಂದ ಚುಚ್ಚುತ್ತಲೇ ಇತ್ತು.

“ಸಾರ್, ಇವರು ಹೇಳಿದ್ದನ್ನೆಲ್ಲ ಬರ್ಕೊಳ್ಬೇಡಿ,” ಎಂದಳು ಈಗ.

“ಯಾಕಮ್ಮಾ?”

“ರಜತ್‌ನನ್ನು ನೀರಿನಿಂದ ಎತ್ತಿಕೊಂಡು ಬಂದದ್ದು ಇವರೇ. ಆಮೇಲೆ ಇವರು ನಿದ್ದೆ ಮಾಡ್ಲಿಲ್ಲ. ನಿದ್ದೆ ಇಲ್ಲದವರ ಮಾತು.”

ಅಷ್ಟು ಹೇಳಿ ಹೊರಟುಹೋದಳು. ಇನ್ನೂ ಏನೋ ಇತ್ತು, ನುಂಗಿಕೊಂಡಳು.

*

ಯಂತ್ರದ ಗೀರು ಕಂಡ ಕೂಡಲೇ ನಾನು ಫೋನು ಮಾಡಿ ಕರೆಸಿದ್ದ ಪ್ರಮೋದ ನಾಲ್ಕಕ್ಕೆ ಬಂದ. ಗಿಂಡಿಯ ಕೈಗಾರಿಕಾ ಎಸ್ಟೇಟಿನಿಂದ ಈಸಿಆರ್ ಕರಾವಳಿ ರಸ್ತೆಯ ಈ ಕ್ಲಬ್ಬಿನ ತನಕ ಬೈಕಿನಲ್ಲಿ ಬಂದಿದ್ದ. ಕತ್ತಿನಲ್ಲಿ ಫ್ಯಾಕ್ಟರಿಯ ಗುರುತಿನ ಕಾರ್ಡು ಇನ್ನೂ ನೇತಾಡುತ್ತಿತ್ತು. ಇಪ್ಪತ್ತೇಳರ ಹುಡುಗ, ನಮ್ಮ ಕಡೆಯವನೇ. ಅವನ ಅಜ್ಜನೂ ನನ್ನ ಅಜ್ಜನೂ ಒಂದೇ ಮಠದಲ್ಲಿ ಏಕಾದಶಿಯಂದು ಭಜನೆಗೆ ಕೂತವರು. ರಜತ್‌ನ ಗೆಳೆಯ. ಇಬ್ಬರೂ ಒಟ್ಟಿಗೇ ಈ ಆಟ ಕಲಿತವರು.

ಅದಕ್ಕಿಂತ ಮುಖ್ಯವಾದದ್ದೊಂದಿದೆ. ರಜತ್‌ನ ಅಕ್ಕ ಅಶ್ವಿತಾಳನ್ನು ಅವನು ಮದುವೆಯಾಗಬೇಕೆಂದಿದ್ದ. ಆರು ತಿಂಗಳ ಹಿಂದೆ ಮೋನಪ್ಪನವರು ಈ ಹುಡುಗನನ್ನು ವಿಚಾರಿಸಲು ನೇಮಿಸಿದ್ದು ನನ್ನನ್ನೇ. ಮೂರು ದಿನ ಇವನ ಫ್ಯಾಕ್ಟರಿಯ ಗೇಟಿನೆದುರು ಚಹಾ ಕುಡಿಯುತ್ತಾ ನಿಂತು, ಕೊನೆಗೆ ‘ಹುಡುಗ ಚೊಕ್ಕ’ ಎಂದು ಬರೆದು ಸಹಿ ಹಾಕಿದ್ದೆ. ಈಗ ಅವನನ್ನು ನೋಡುವಾಗ ಆ ಸಹಿಯ ನೆನಪಾಗಿ ನನಗೆ ಸಂಕಟವಾಯಿತು.

“ಎದಕ್ಕೆ ಮಾಮಾ ಇಷ್ಟು ಅರ್ಜೆಂಟು?” ಎಂದ. “ಶಿಫ್ಟ್ ನಡುವೆ ಬಂದೆ. ಇಲ್ಲಿಂದ ಆಸ್ಪತ್ರೆಗೆ ಬೇರೆ ಹೋಗಬೇಕು. ಅಶ್ವಿತಾ ಒಬ್ಬಳೇ ಇದ್ದಾಳೆ.”

“ನಿಮ್ಮ ಫ್ಯಾಕ್ಟರಿಯಲ್ಲಿ ಉಪ್ಪು ಕಾಗದದ ಬೆಲ್ಟು ತಿರುಗುವ ಯಂತ್ರ ಎಷ್ಟಿವೆಯಪ್ಪಾ?”

“ಬೆಲ್ಟ್ ಗ್ರೈಂಡರಾ? ನಾಲ್ಕು. ಯಾಕೆ?”

“ಅವುಗಳಲ್ಲಿ ಒಂದರ ಗುರುತು ಇಲ್ಲಿದೆ.”

ಫಿನ್ನನ್ನೂ ಭೂತಗನ್ನಡಿಯನ್ನೂ ಅವನ ಮುಂದೆ ಸರಿಸಿದೆ. ಅವನು ಭೂತಗನ್ನಡಿಯನ್ನು ಮುಟ್ಟಲಿಲ್ಲ. ನೋಡಬೇಕಾದ ಅಗತ್ಯ ಇಲ್ಲದವನು ನೋಡುವುದಿಲ್ಲ.

ಹೊರಗೆ ಗಾಳಿ ಎದ್ದಿತ್ತು. ಗೋಡೆಗೆ ಒರಗಿಸಿದ್ದ ಹಾಯಿಗಳು ಪಟಪಟ ಬಡಿದುಕೊಳ್ಳುತ್ತಿದ್ದವು.

“ಶರಿ,” ಎಂದ ಪ್ರಮೋದ. “ನಾನೇ ಮಾಡಿದ್ದು. ಆದ್ರೆ ರಜತ್‌ಗೆ ಅಲ್ಲ ಮಾಮಾ. ನನಗೆ.”

“ನಿನಗೆ?”

“ಆಮಾ. ಇದು ನನ್ನ ಫಿನ್ನು. ಸ್ಪೀಡ್ ಜಾಸ್ತಿ ಆದ್ರೆ ಕುಂಯ್ ಅಂತ ಶಬ್ದ ಬರ್ತಿತ್ತು. ಹಿಂದಂಚನ್ನು ಒಂದೇ ಸೈಡ್ ಓರೆ ತೇಯ್ದರೆ ಆ ಶಬ್ದ ನಿಲ್ಲತ್ತೆ. ಯಾರನ್ನು ಬೇಕಾದ್ರೂ ಕೇಳಿ. ಭಾನುವಾರ ರೇಸ್ ಇತ್ತು. ಕೈಯಲ್ಲಿ ತೇಯೋಕೆ ಟೈಮ್ ಇಲ್ಲ ಅಂತ ಬೆಲ್ಟಿಗೆ ಕೊಟ್ಟೆ. ಎರಡು ಸೆಕೆಂಡ್ ಜಾಸ್ತಿ ಹಿಡಿದೆ ಅನ್ಸತ್ತೆ. ಬ್ಲೇಡ್ ಆಗ್ಬಿಡ್ತು.”

“ಬ್ಲೇಡ್ ಆದದ್ದು ಗೊತ್ತಿದ್ದೂ ತಂದೆ.”

“ಗೊತ್ತಿತ್ತು. ನಾನು ಹುಷಾರಾಗಿ ಇರ್ತೀನಿ ಅಂದುಕೊಂಡೆ.”

ಹುಷಾರಾಗಿರುವವರಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

“ಎಲೆಯ ಮೇಲೆ ಎಳೆದವರು ಯಾರು? ನೀನಾ?”

ಅವನು ಬೆಚ್ಚಿದ. “ಅದು ಹೇಗೆ ಗೊತ್ತು ಮಾಮಾ?”

“ನನ್ನ ಪ್ರಶ್ನೆಗೆ ಉತ್ತರ ಕೊಡು.”

“ಎಲೆ ವಿಷಯ ಎಲ್ಲಾ ಶೀನಣ್ಣಂದು. ಶನಿವಾರ ಸಾಯಂಕಾಲ ಬೋರ್ಡಿಗೆ ಕೂಡಿಸ್ತಿದ್ದೆ, ಬಂದು ಕಸಕೊಂಡ್ರು. ಎಲೆ ತಂದು ಎಳೆದ್ರು. ಸೀಳಿಹೋಯ್ತು. ಅವರು ಬೈಯಲೂ ಇಲ್ಲ. ‘ಇದು ನೀರಿಗೆ ಇಳಿಯುದಿಲ್ಲ, ಧಣಿಗೂ ಹೇಳ್ತೇನೆ’ ಅಂದ್ರು, ಅಷ್ಟೇ. ಆ ನೀಲಿ ಟ್ರಂಕಲ್ಲಿ ಹಾಕಿ ಬೀಗ ಹಾಕ್ಬಿಟ್ರು. ಅದೇ ಥರದ ಬೇರೆ ಮೊಂಡು ಫಿನ್ನು ಅವರ ಕೈಯಾರೆ ನನ್ನ ಬೋರ್ಡಿಗೆ ಕೂಡಿಸಿಕೊಟ್ರು.”

ಅವನು ತೋರಿಸಿದ ಕಡೆ ನೋಡಿದೆ. ಶೆಡ್ಡಿನ ಮೂಲೆಯಲ್ಲಿ ನೀಲಿ ಬಣ್ಣದ ತಗಡಿನ ಟ್ರಂಕು. ಬೀಗ ಹಾಕಿತ್ತು. ಎದ್ದು ಹೋಗಿ ಬೀಗವನ್ನು ಎಳೆದು ನೋಡಿದೆ, ಚಿಲಕವನ್ನು ಬೆರಳಿಂದ ಸವರಿದೆ. ಮುರಿದ ಗುರುತಿಲ್ಲ, ಒಂದು ಗೀರೂ ಇಲ್ಲ.

“ನಾಲ್ಕು ದಿನದಿಂದ ಇದನ್ನು ಯಾಕೆ ಹೇಳಲಿಲ್ಲ? ಶೀನ ಜೈಲಿಗೆ ಹೋಗುತ್ತಾನೆ ಎಂದು ನಿನಗೆ ಗೊತ್ತಿರಲಿಲ್ಲವೇ?”

ಅವನ ಕಣ್ಣು ತುಂಬಿತು. ನಾಚಿಕೆಯಿಂದ ಎಂದು ನನಗನಿಸಿತು, ಅನಿಸಿದ್ದನ್ನು ನಾನು ಪೂರ್ತಿ ನಂಬಲಿಲ್ಲ.

“ಹೇಳಿದ್ರೆ ನಾನೇ ಮಾಡಿದೆ ಅಂತಾರೆ ಮಾಮಾ. ಅಶ್ವಿತಾ ಮುಖ ಹೇಗೆ ನೋಡಲಿ? ಮೋನಪ್ಪ ಅಂಕಲ್‌ಗೆ ನನ್ನ ಕಂಡ್ರೆ ಮೊದಲೇ ಆಗಲ್ಲ.”

“ಯಾಕೆ ಆಗುವುದಿಲ್ಲ? ನಿನ್ನ ಬಗ್ಗೆ ಒಳ್ಳೆಯ ವರದಿ ಕೊಟ್ಟಿದ್ದೆನಲ್ಲ.”

“ಅದೇ ಪ್ರಾಬ್ಲಂ.” ಅವನು ನಗಲು ನೋಡಿದ, ಆಗಲಿಲ್ಲ. “ಕೆಟ್ಟ ರಿಪೋರ್ಟು ಬರಲಿ ಅಂತ ಅವರು ಕಾದಿದ್ರು. ಜಾತಿ ಬೇರೆ, ಭಾಷೆ ಮಾತ್ರ ಒಂದು ಅಂತ ಅಶ್ವಿತಾ ಹತ್ತಿರ ಜಗಳ. ನೀವು ಒಳ್ಳೇದು ಬರೆದುಕೊಟ್ರಿ. ಬೇಡ ಅನ್ನೋಕೆ ಕಾರಣ ಹೋಯ್ತು. ಆವತ್ತಿಂದ ನನ್ನ ಜೊತೆ ಮಾತೇ ಬಿಟ್ಟಿದ್ದಾರೆ.”

ನನ್ನ ಸಹಿ ಇಷ್ಟು ಕೆಲಸ ಮಾಡಿದೆ ಎಂದು ನನಗೆ ಗೊತ್ತಿರಲಿಲ್ಲ. ವರದಿ ಕೈಗೆ ತೆಗೆದುಕೊಂಡ ದಿನ ಮೋನಪ್ಪನವರು ನನಗೆ ತುಪ್ಪದ ದೋಸೆ ತಿನ್ನಿಸಿ ಕಳುಹಿಸಿದ್ದರು. ದೋಸೆ ಚೆನ್ನಾಗಿತ್ತು, ಅವರ ಮುಖವನ್ನು ನಾನು ಗಮನಿಸಲಿಲ್ಲ. ‘ಖಾಸಗಿ ವಿಚಾರಣೆ’ ಎಂದು ಬೋರ್ಡು ಬೇರೆ.

“ಭಾನುವಾರ ಬೆಳಿಗ್ಗೆ ಏನಾಯಿತು, ಸರಿಯಾಗಿ ಹೇಳು.”

“ನಾನೂ ರಜತೂ ಆರೂವರೆಗೆ ಬಂದ್ವಿ. ಅವನ ಬೋರ್ಡಲ್ಲಿ ಹಾಯಿಕಂಬ ಕೂರೋ ಜಾಗ ಬಿರುಕು ಬಿಟ್ಟಿತ್ತು. ‘ಒಂದು ರೌಂಡ್ ನಿನ್ನ ಬೋರ್ಡ್ ಕೊಡೋ, ಗಾಳಿ ನೋಡ್ಕೊಂಡ್ ಬರ್ತೀನಿ’ ಅಂದ. ಕೊಟ್ಟೆ. ವಾಪಸ್ ಬರೋವಾಗ ದಡದ ಹತ್ತಿರ ಬಿದ್ದ. ನೂರು ಸಲ ಬಿದ್ದಿದ್ದಾನೆ ಮಾಮಾ. ಮೊಂಡು ಫಿನ್ನಾಗಿದ್ರೆ ಒಂದು ಬಾವು ಬರ್ತಿತ್ತು, ಅಷ್ಟೇ. ಅಲೆ ಬೋರ್ಡನ್ನು ತಿರುಗಿಸಿ...”

ತನ್ನ ತೊಡೆಯ ಮೇಲೆ ಬೆರಳಿನಿಂದ ಉದ್ದಕ್ಕೆ ಗೆರೆ ಎಳೆದು ತೋರಿಸಿದ.

“ಬೋರ್ಡು ಬದಲಾದದ್ದು ಯಾರಿಗೆ ಗೊತ್ತಿತ್ತು?”

“ಯಾರಿಗೂ ಇಲ್ಲ. ಶೀನಣ್ಣ ಗೇಟಿನ ಹತ್ತಿರ ಇದ್ರು. ನಾವಿಬ್ಬರೇ.”

ಅವನಾಗಿಯೇ ಅದನ್ನು ತಲುಪಲಿ ಎಂದು ಕಾದೆ. ಅವನು ತಲುಪಿದ. ಮುಖದ ಬಣ್ಣ ಇಳಿಯುವುದನ್ನು ಕಣ್ಣಾರೆ ನೋಡಿದೆ.

“ಮಾಮಾ... ಟ್ರಂಕಿಂದ ತೆಗೆದು ನನ್ನ ಬೋರ್ಡಿಗೆ ಯಾರೋ ಕೂಡಿಸಿದ್ದಾರೆ. ನನ್ನ ಬೋರ್ಡಿಗೆ.”

“ಹೌದು.”

“ಅಂದ್ರೆ ಅದು ನನಗೆ ಇಟ್ಟದ್ದಾ?”

ಅವನನ್ನು ಕಂಡು ಪಾಪವೆನಿಸಿತು. ಆದರೆ ಈ ಕಥೆಯನ್ನೆಲ್ಲ ಅವನೇ ಹೆಣೆದಿದ್ದರೆ ಎಂಬ ಮಾತೂ ತಲೆಯ ಒಂದು ಮೂಲೆಯಲ್ಲಿ ಕೂತೇ ಇತ್ತು. ಅವನ ಮಾತು ನಿಜವೋ ಅಲ್ಲವೋ ಎಂದು ತಿಳಿಯಲು ಒಂದೇ ದಾರಿ. ಟ್ರಂಕಿನ ಬೀಗ.

*

ನಾಲ್ಕೂಮುಕ್ಕಾಲಿಗೆ ಶೀನನನ್ನೂ ಗುಣವತಿಯನ್ನೂ ಒಳಗೆ ಕರೆದೆ. ಪ್ರಮೋದ ಅಲ್ಲೇ ಇದ್ದ. ಅವನನ್ನು ಕಂಡ ಕೂಡಲೇ ಶೀನನಿಗೆ ಅರ್ಥವಾಯಿತು.

“ಹೇಳಿದ್ರಾ?” ಎಂದ.

“ಹೇಳಿದೆ ಶೀನಣ್ಣ. ಸಾರಿ.”

“ಹೇಳ್ಬಾರ್ದಿತ್ತು.”

“ಶನಿವಾರ ನೀವು ಫಿನ್ನನ್ನು ಈ ಟ್ರಂಕಿಗೆ ಹಾಕಿ ಬೀಗ ಹಾಕಿದಿರಿ,” ಎಂದೆ ನಾನು. “ಮರೆತದ್ದು ಎಂದು ನನಗೆ ಸುಳ್ಳು ಹೇಳಿದಿರಿ. ಪೊಲೀಸರಿಗೂ ಅದನ್ನೇ ಹೇಳಿದ್ದೀರಿ. ಬೀಗದ ಕೈ ಎಷ್ಟಿವೆ?”

“ಒಂದೇ.”

“ಎಲ್ಲಿದೆ?”

ಅವನ ಕೈ ಸೊಂಟದ ದಾರಕ್ಕೆ ಹೋಗಿ ಹಾಗೇ ಹಿಂದೆ ಬಂತು. “ಕಳೆದುಹೋಯ್ತು ಸಾರ್. ಭಾನುವಾರ ನೀರಿಗೆ ಹಾರಿದ್ದೆ ಅಲ್ವಾ, ಆಗ ಬಿದ್ದು ಹೋಗಿರ್ಬೇಕು.”

“ಶೀನ, ನಾನು ಹೇಳುವುದನ್ನು ಕೇಳಿ. ನಿಮಗೆ ಮರೆವು ಎಂದಾದರೆ ಅದು ಅಜಾಗ್ರತೆ. ಫಿನ್ನು ಹರಿತವೆಂದು ತಿಳಿದೂ ಅದು ನಿಮ್ಮ ಬೀಗದಿಂದ ಹೊರಗೆ ಬಂತೆಂದಾದರೆ ಬೇರೆಯೇ ಕೇಸು. ರಜತ್‌ಗೆ ಏನಾದರೂ ಹೆಚ್ಚುಕಡಿಮೆಯಾದರೆ ನೀವು ಹೊರಗೆ ಬರುವುದಿಲ್ಲ. ಯಾರನ್ನು ಕಾಪಾಡುತ್ತಿದ್ದೀರಿ?”

“ಯಾರನ್ನೂ ಇಲ್ಲ.”

“ಹೆಂಡತಿಯನ್ನೇ?”

ಅವನು ಥಟ್ಟನೆ ತಲೆ ಎತ್ತಿದ. ಅಷ್ಟು ಸಿಟ್ಟನ್ನು ನಾನು ಅವನಲ್ಲಿ ನೋಡಿರಲಿಲ್ಲ. “ಅವಳನ್ನು ಇದಕ್ಕೆ ಎಳೀಬೇಡಿ ಸಾರ್. ಅವಳಿಗೆ ಎಂತದೂ ಗೊತ್ತಿಲ್ಲ.”

ಗುಣವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ಗಂಡನ ಮುಖವನ್ನು ಒಮ್ಮೆ ನೋಡಿದಳು. ಅವನು ಬೇಡ ಎನ್ನುವಂತೆ ತಲೆಯಾಡಿಸಿದ.

ನನಗೆ ಅಲ್ಲಿಯ ತನಕ ಹೊಳೆಯದೆ ಇದ್ದದ್ದು ಆಗ ಹೊಳೆಯಿತು. ಇವಳು ನನ್ನನ್ನು ಹುಡುಕಿಕೊಂಡು ಬಂದದ್ದು ಗಂಡನಿಗೆ ಹೇಳದೆ. ಇವಳಿಗೆ ಹೆಸರು ಗೊತ್ತಿದೆ. ಹೇಳಬಾರದೆಂದು ಅವನು ಆಣೆ ಹಾಕಿಸಿದ್ದಾನೆ. ಆಣೆ ಮುರಿಯದೆ ಹೆಸರು ಹೊರಗೆ ಬರಲಿ ಎಂದು ನನ್ನನ್ನು ತಂದು ನಿಲ್ಲಿಸಿದ್ದಾಳೆ. ಮೂರು ದಿನ ನಾನು ಫಿನ್ನಿನ ಹಿಂದೆ ಬಿದ್ದೆ, ಇವಳನ್ನು ನೋಡಲಿಲ್ಲ.

ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಅದರ ಹಿಂದೆಯೇ ಒಂದು ಕಾರು.

ಮೊದಲು ಇನ್ಸ್‌ಪೆಕ್ಟರ್ ಬಂದರು. ಅವರ ಹಿಂದೆ ಮೋನಪ್ಪನವರು. ನಾಲ್ಕು ದಿನದಲ್ಲಿ ಹತ್ತು ವರ್ಷ ಹೆಚ್ಚಾದವರ ಹಾಗೆ ಕಾಣುತ್ತಿದ್ದರು. ಗಡ್ಡ ಬೆಳೆದಿತ್ತು, ಬಿಳಿ ಅಂಗಿ ಮೈಮೇಲೆ ಜೋಲುತ್ತಿತ್ತು. ಮಗನ ಮಂಚದ ಪಕ್ಕದಿಂದ ಎದ್ದು ಬಂದ ತಂದೆ. ಏನೇ ಸಂಶಯವಿದ್ದರೂ ಆ ದುಃಖ ಸುಳ್ಳಲ್ಲ.

ಪ್ರಮೋದನ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಶೀನ ತಾನಾಗಿ ಮುಂದೆ ಬಂದ. “ನಾನು ಬರ್ತೇನೆ ಧಣಿ. ನಂದೇ ತಪ್ಪು.”

ಮೋನಪ್ಪನವರು ಅವನ ಭುಜದ ಮೇಲೆ ಕೈಯಿಟ್ಟರು. “ನೀನು ಜಾಗ್ರತೆ ಮಾಡ್ಬೇಕಿತ್ತು ಶೀನ,” ಎಂದರು, ಮೆತ್ತಗೆ. “ನಿನ್ನ ಮೇಲೆ ನಂಬಿಕೆ ಇಟ್ಟು ಮಗನನ್ನು ಬಿಟ್ಟಿದ್ದೆ.”

ಶೀನ ಅಳತೊಡಗಿದ. ಇನ್ಸ್‌ಪೆಕ್ಟರ್ ಪೇದೆಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಪೇದೆ ಶೀನನ ತೋಳು ಹಿಡಿದ.

ಗುಣವತಿ ಸೆರಗನ್ನು ಬಿಟ್ಟಳು. ನಡೆದು ಬಂದು ಮೋನಪ್ಪನವರ ಎದುರು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೋಟೆಲಿನಲ್ಲಿ ಲೋಟ ವಾಪಸು ಕೇಳುವಷ್ಟೇ ಸಹಜವಾಗಿ ಕೇಳಿದಳು.

“ಧಣಿ, ಇವರು ಹೋಗುವ ಮೊದ್ಲು ಆ ಟ್ರಂಕಿನ ಬೀಗದ ಕೈ ಕೊಟ್ಬಿಡಿ. ಶನಿವಾರ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ನನ್ನ ಕೈಯಿಂದ ತಕೊಂಡು ಹೋದವರು ವಾಪಸು ಕೊಡ್ಲಿಲ್ಲ.”

“ಗುಣವತೀ,” ಎಂದ ಶೀನ.

ಮೋನಪ್ಪನವರ ಕೈ ಶೀನನ ಭುಜದಿಂದ ಇಳಿದು, ತಾನಾಗಿ, ಅಂಗಿಯ ಎದೆಜೇಬಿನ ಮೇಲೆ ಹೋಗಿ ನಿಂತಿತು.

ಇನ್ಸ್‌ಪೆಕ್ಟರಿಗೆ ಕನ್ನಡ ಬಾರದು. ಆ ಕೈಯನ್ನು ಅವರು ನೋಡಿದರು, ಮಾತು ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿ, “ಎನ್ನ ಸಾರ್ ಸೊಲ್ರಾಂಗ ಅಂದ ಅಮ್ಮಾ?” ಎಂದು, ಆಕೆ ಏನು ಹೇಳುತ್ತಿದ್ದಾರೆಂದು ತಮಿಳಿನಲ್ಲಿ ಕೇಳಿದರು.

ಗುಣವತಿಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೂ ಅವಳು ಬಾಯಿ ತೆರೆಯಲಿಲ್ಲ. ಅವಳು ಹೇಳಬೇಕಾದವರಿಗೆ ಹೇಳಿ ಆಗಿತ್ತು. ಈಗ ನನ್ನನ್ನು ನೋಡುತ್ತಿದ್ದಳು.

ಮೋನಪ್ಪನವರೂ ನನ್ನನ್ನೇ ನೋಡಿದರು. “ಗಂಡನ ಸಂಕಟದಲ್ಲಿ ಎಂತೆಂತದೋ ಮಾತಾಡ್ತಾಳೆ ಅಂತ ಹೇಳಿ ತಿರುಮಲರೇ,” ಎಂದರು, ಕನ್ನಡದಲ್ಲಿ. “ಅಷ್ಟು ಹೇಳಿದ್ರೆ ಸಾಕು. ನನ್ನ ಮಗ ಅಲ್ಲಿ ಸಾಯ್ತಾ ಇದ್ದಾನೆ.”

ಪ್ರಮೋದ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆತುಕೊಂಡಿದ್ದ.

“ಅವರ ಜೇಬು ನೋಡಿ ಸಾರ್,” ಎಂದೆ ನಾನು ಇನ್ಸ್‌ಪೆಕ್ಟರಿಗೆ, ತಮಿಳಿನಲ್ಲಿ.

ಮೋನಪ್ಪನವರು ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ.